ಒಂದು ಚೊಂಬು ನೀರಿಗೆ ಎದ್ದ ಹುಯಿಲು

ಟ್ರ್ಯಾಂಕ್ವಿಲಿಟಿ ಅನ್ನುವ ಪದದ ಕೊನೆಯ ‘ವೈ’ಗೆ ಬಾಲ ಎಳೆಯುತ್ತಿದ್ದ ಮಂಜುಶ್ರೀ, ಬೆನ್ನ ಹಿಂದೆ ದೇವಯ್ಯನವರ ಬೂಟಿನ ಸದ್ದು ಕೇಳಿದರೂ ತಿರುಗಲಿಲ್ಲ. ಬಾಲ ಅರ್ಧಕ್ಕೆ ನಿಂತರೆ ಇಡೀ ಪದ ಕುಂಟುತ್ತದೆ ಎಂಬುದು ಅವಳ ನಂಬಿಕೆ. ಎಳೆದು ಮುಗಿಸಿ, ಕೆಳಗೆ ಕನ್ನಡದಲ್ಲಿ ‘ನೆಮ್ಮದಿ’ ಎಂದು ಬರೆಯಲು ‘ನೆ’ ಹಾಕಿದ್ದಳಷ್ಟೆ.

“ನಿಲ್ಸಿ ಮೇಡಂ,” ಅಂದರು ದೇವಯ್ಯ. “ಇವತ್ತು ನೆಮ್ಮದಿ ಗಿಮ್ಮದಿ ಏನೂ ಬೇಡ. ನಮ್ಮನೆ ಸಂಪಿಗೆ ಮರಕ್ಕೆ ಯಾರೋ ಆಸಿಡ್ ಹಾಕ್ಬುಟ್ಟಿದಾರೆ.”

ರಾಮಕೃಷ್ಣನಗರದ ಆ ಪಾರ್ಕಿನ ಗೇಟಿನ ಪಕ್ಕ ತಗಡಿನ ಸೂರಿನ ಕೆಳಗೊಂದು ಕಪ್ಪು ಹಲಗೆ ಇದೆ. ಮೂರು ವರ್ಷದಿಂದ ಅದರ ಮೇಲೆ ದಿನಕ್ಕೊಂದು ಇಂಗ್ಲಿಷ್ ಪದ, ಅದರ ಅರ್ಥ, ಅದು ಹುಟ್ಟಿದ ಕಥೆ ಬರೆಯುತ್ತಿರುವವಳು ಮಂಜುಶ್ರೀ. ಬಿ.ಎ.ಯಲ್ಲಿ ಅವಳು ಫೇಲಾಗಿದ್ದು ಇಂಗ್ಲಿಷಿನಲ್ಲೇ, ಅದೂ ಎರಡು ಸಲ. ಅದು ಗಂಡ ಸಿದ್ದೇಶನಿಗೆ ಗೊತ್ತು, ಅತ್ತೆ ಬೀರಮ್ಮನಿಗೆ ಗೊತ್ತು, ಹಲಗೆಗೆ ಗೊತ್ತಿಲ್ಲ. ವಾಕಿಂಗ್ ಬಂದವರು ನಿಂತು ಓದಿ, ಫೋಟೋ ತೆಗೆದು, ಬಡಾವಣೆಯ ವಾಟ್ಸಾಪ್ ಗುಂಪಿಗೆ ‘ಶುಭೋದಯ’ದ ಜೊತೆ ಹಾಕುತ್ತಿದ್ದರು. ಸೀಮೆಸುಣ್ಣವನ್ನು ಹಿಂದಿನ ಸಂಜೆಯೇ ಸಕ್ಕರೆ ನೀರಿನಲ್ಲಿ ನೆನೆಸಿಡುವುದು ಅವಳ ಗುಟ್ಟು. ಹಾಗೆ ಮಾಡಿದರೆ ಅಕ್ಷರ ಎದ್ದು ಕಾಣುತ್ತದೆ, ಬೇಗ ಅಳಿಸುವುದಿಲ್ಲ. ಒಂದೇ ತೊಂದರೆ, ಮಧ್ಯಾಹ್ನದ ಹೊತ್ತಿಗೆ ಇರುವೆಗಳು ಸಾಲುಗಟ್ಟಿ ಬಂದು ಪದವನ್ನು ತಿನ್ನಲು ಶುರು ಮಾಡುತ್ತವೆ. ಓದುಗರು ಯಾರಾದರೇನು ಎಂದು ಅವಳು ಸುಮ್ಮನಿದ್ದಳು.

ದೇವಯ್ಯ ಬಡಾವಣೆಯ ಸಂಘದ ಅಧ್ಯಕ್ಷರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದವರು, ನಿವೃತ್ತಿಯ ಮೇಲೂ ಸೈರನ್ ಆಗುವ ಮೊದಲೇ ಏಳುವವರು. ಅವರು ಫೋನನ್ನು ಅವಳ ಮೂಗಿಗೆ ತಾಗುವಂತೆ ಹಿಡಿದರು. ಹೊಸದಾಗಿ ಹಾಕಿಸಿದ ಕ್ಯಾಮೆರಾದ ದೃಶ್ಯ. ಬೆಳಗಿನ ಐದು ಗಂಟೆ ಹತ್ತು ನಿಮಿಷ. ಅವರ ಮನೆಯ ಮುಂದಿನ ಫುಟ್‌ಪಾತ್, ಅದರ ಮೇಲೆ ಸಂಪಿಗೆ ಮರ. ತಲೆತುಂಬ ಶಾಲು ಹೊದ್ದ ಹೆಂಗಸೊಬ್ಬಳು ದೋಟಿಯಿಂದ ಕೊಂಬೆ ಬಗ್ಗಿಸಿ ನಾಲ್ಕೈದು ಹೂ ಕಿತ್ತಳು. ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡಳು. ಆಮೇಲೆ ಶಾಲಿನ ಒಳಗಿನಿಂದ ಏನನ್ನೋ ತೆಗೆದು, ಬಗ್ಗಿ, ಮರದ ಬುಡಕ್ಕೆ ಹುಯ್ದಳು. ಬುಡ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡು ಹೊರಟುಹೋದಳು. ಮುಖ ಒಂದು ಕ್ಷಣವೂ ಕಾಣಲಿಲ್ಲ.

“ನೋಡಿದ್ರಾ? ಹುಯ್ದಿದ್ದು ನೋಡಿದ್ರಾ? ಹದಿನೈದು ದಿನದಿಂದ ಎಲೆ ಉದುರ್ತಾ ಇದೆ ಕಣ್ರೀ. ಕೊನೇಲಿ ಏನೋ ಮಂತ್ರ ಬೇರೆ ಹಾಕ್ತಾಳೆ.”

ಮಂಜುಶ್ರೀಯ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಅದನ್ನು ಸಿಟ್ಟೆಂದುಕೊಂಡ ದೇವಯ್ಯನವರಿಗೆ ಸಮಾಧಾನವಾಯಿತು.

ಅವಳಿಗೆ ಗೊತ್ತಾಗಿಹೋಗಿತ್ತು. ಮರದಿಂದ ಹೂ ಕಿತ್ತರೆ ಅದರ ಬುಡಕ್ಕೆ ಒಂದು ಚೊಂಬು ನೀರು ಹಾಕಿ, ಬುಡ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರನ್ನು ಮದುವೆಯಾದ ಈ ಇಪ್ಪತ್ತಾರು ವರ್ಷದಲ್ಲಿ ಅವಳು ಒಬ್ಬರನ್ನೇ ಕಂಡಿದ್ದಳು. ಸರಗೂರು ಕಡೆಯ ಹಳ್ಳಿಯಿಂದ ಬಂದ ಬೀರಮ್ಮ ಅದನ್ನು ಬಾಡಿಗೆ ಮನೆಯ ಕುಂಡದ ಗಿಡಕ್ಕೂ ಬಿಟ್ಟವರಲ್ಲ.

ಮನೆಗೆ ಬಂದಾಗ ಇಡೀ ನಡುಮನೆ ಸಂಪಿಗೆಯ ಘಮದಲ್ಲಿತ್ತು. ಹದಿನೈದು ದಿನದಿಂದ ಹೀಗೇ. ಚಾಮುಂಡಿಯ ಪಟದ ಮೇಲೆ ಐದು ಹೂ. ಎಪ್ಪತ್ತಾರರ ಬೀರಮ್ಮ ಕಾಲು ಚಾಚಿ ಕೂತು ಕಾಫಿಗೆ ರಸ್ಕ್ ಅದ್ದುತ್ತಿದ್ದರು.

“ಅತ್ತೆ, ಈ ಹೂ ಎಲ್ಲಿಂದ ಬರ್ತಿದೆ?”

“ಸೊಪ್ಪಿನ ಮುದ್ದಮ್ಮ ಕೊಡ್ತಾಳೆ ಅಂದಿದ್ನಲ್ಲವ್ವ.”

“ಮುದ್ದಮ್ಮ ಬರೋದು ಐದೂವರೆ ಬಸ್ಸಿಗೆ. ನೀವು ಐದು ಹತ್ತಕ್ಕೇ ದೇವಯ್ಯನೋರ ಕ್ಯಾಮೆರಾದಲ್ಲಿದ್ದೀರಿ.”

ಬೀರಮ್ಮ ರಸ್ಕನ್ನು ಮರೆತರು. ಅದು ಮುರಿದು ಕಾಫಿಯೊಳಗೆ ಬಿತ್ತು. “ಕ್ಯಾಮ್ರಾದಾಗೆ ನಾನಾ? ಎಂಗೆ ಕಾಣ್ತೀನವ್ವ?”

“ಬರೀ ಬೆನ್ನು ಕಾಣುತ್ತೆ.”

“ಅಂಗಾದ್ರೆ ನಾನೇ ಅಂತ ಎಂಗೆ ಹೇಳ್ತೀಯ? ಊರೋರ್ಗೆಲ್ಲ ಬೆನ್ನೈತೆ.”

“ನೀರುಯ್ದು ಬುಡ ಮುಟ್ಟೋರು ಈ ಮೈಸೂರಲ್ಲಿ ನೀವೊಬ್ರೇ.”

ಇದನ್ನು ಬೀರಮ್ಮ ಹೊಗಳಿಕೆ ಎಂದೇ ತೆಗೆದುಕೊಂಡರು. “ಮತ್ತೆ? ಬರಿಗೈಲಿ ತಂದ್ರೆ ಕಳ್ಳತನ. ನೀರುಯ್ದು ತಂದ್ರೆ ಅದೆಂಗೆ ಕಳ್ಳತನವಾಯ್ತದೆ? ಮರಕ್ಕೆ ಬಾಯಾರಿತ್ತು. ಆಸಾಡ, ಅಮ್ಮನಿಗೆ ಹೂ ಬೇಕಿತ್ತು. ಮಧ್ಯದಾಗೆ ಆ ದೇವಯ್ಯಂದೇನೈತೆ?”

“ಕೇಳಿ ತರಬಹುದಿತ್ತಲ್ಲ.”

“ಕೇಳಿದ್ರೆ ಅದು ಅವನು ಕೊಟ್ಟ ಹೂವಾಯ್ತದೆ ಕಣವ್ವ. ಚಳಿಲಿ ಎದ್ದೋಳು ನಾನು, ನೀರುಯ್ದೋಳು ನಾನು, ಪುಣ್ಯ ಅವನ್ಗೋಗ್ಬೇಕಾ?”

ಅಷ್ಟರಲ್ಲಿ ಸಿದ್ದೇಶ ಸ್ನಾನ ಮುಗಿಸಿ ಬಂದ. ವಿಜಯನಗರದ ಪತ್ತಿನ ಸಂಘವೊಂದರಲ್ಲಿ ಮ್ಯಾನೇಜರ್ ಆಗಿರುವ ಅವನು ಯಾವ ವಿಷಯವನ್ನೂ ಮುಂದಿನ ಸಭೆಗೆ ಮುಂದೂಡಬಲ್ಲ. ಎಲ್ಲ ಕೇಳಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಅಂದ, “ಸುಮ್ನಿದ್ದುಬುಡು ಮಂಜು. ನಾಲ್ಕು ದಿನ ಕೂಗಾಡಿ ತಣ್ಣಗಾಗ್ತಾರೆ. ಅಮ್ಮ, ನೀನು ನಾಳೆಯಿಂದ ಹೋಗ್ಬೇಡ.”

“ಶುಕ್ರವಾರ ಬಂತಲ್ಲೋ!”

“ಶುಕ್ರವಾರಕ್ಕೆ ಮಲ್ಲಿಗೆ ತಂದುಕೊಡ್ತೀನಿ.”

ಹೀಗೆಂದವನು ಒಮ್ಮೆ ಮೂಗೆಳೆದು, ಹೂವಿನ ಕಡೆ ನೋಡಿ, ಏನೂ ಅನ್ನದೆ ತಿಂಡಿಗೆ ಕೂತ. ಮಂಜುಶ್ರೀ ಅದನ್ನು ಗಮನಿಸಿದಳು. ಮದುವೆಯಾದ ಹೊಸದರಲ್ಲಿ ಅವಳು ಮುಡಿಗೆ ಸಂಪಿಗೆ ಮುಡಿದ ಒಂದು ಸಂಜೆ ಅವನು ಹಣೆ ಒತ್ತಿಕೊಂಡು, ಈ ವಾಸನೆಗೆ ನಂಗೆ ತಲೆನೋವು ಬರುತ್ತೆ ಅಂದಿದ್ದ. ಅಲ್ಲಿಂದ ಅವಳು ಮಲ್ಲಿಗೆಗೆ ಬಂದಳು, ಆಮೇಲೆ ಯಾವ ಹೂವೂ ಬೇಡವಾಯಿತು. ಅಮ್ಮ ತಂದ ಸಂಪಿಗೆಗೆ ಹದಿನೈದು ದಿನವಾದರೂ ಅವನಿಗೆ ತಲೆನೋವು ಬಂದಿರಲಿಲ್ಲ.

ಅಂದು ಇಡೀ ದಿನ ಗುಂಪಿನಲ್ಲಿ ಫೋನು ಗುಂಯ್‌ಗುಟ್ಟಿತು. ಆಸಿಡ್ ಎಂದು ದೇವಯ್ಯ ಹಾಕಿದ್ದು ಒಂಬತ್ತು ಗಂಟೆಗೆ ಫಿನಾಯಿಲ್ ಆಯಿತು, ಹತ್ತಕ್ಕೆ ಕುದಿಯುವ ಎಣ್ಣೆಯಾಯಿತು. ಹನ್ನೊಂದಕ್ಕೆ ಯಾರೋ ‘ಕೊನೆಯಲ್ಲಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ಗಮನಿಸಿ, ಇದು ಮಾಟ’ ಎಂದರು. ಬ್ಯಾಂಕಿನ ಪ್ರಸನ್ನ ಮರದ ಚಿತ್ರಕ್ಕೆ ಕಣ್ಣೀರು ಬರಿಸಿ ‘ಮಾತು ಬಾರದ ಜೀವಕ್ಕೆ ನ್ಯಾಯ ಬೇಕು’ ಎಂದು ಹಾಕಿದ. ಮೂರನೇ ಅಡ್ಡರಸ್ತೆಯ ವಾಣಿ ‘ನಮ್ಮ ಕಣಗಿಲೆಯೂ ಮಾಯವಾಗುತ್ತಿದೆ’ ಎಂದು ಬರೆದಳು. ಕೆಂಪು ಮುಖದ ಸಿಟ್ಟಿನ ಗುರುತುಗಳು ಒಂದರ ಕೆಳಗೊಂದು ಟೊಮೇಟೊ ಸುರಿದಂತೆ ಬಿದ್ದವು. ಆ ಸಾಲಿನಲ್ಲಿ ಸಿದ್ದೇಶನದೂ ಒಂದಿತ್ತು.

ಮಂಜುಶ್ರೀ ಫೋನ್ ಮಾಡಿ ಕೇಳಿದಳು. “ಇದೇನ್ರೀ?”

“ಎಲ್ರೂ ಹಾಕಿದಾರೆ ಮಾರಾಯ್ತಿ. ನಾವು ಹಾಕದಿದ್ರೆ ಎದ್ದು ಕಾಣಲ್ವಾ? ನೀನೂ ಒಂದು ಹಾಕು.”

ಅವಳು ಹಾಕಿದಳು. ಒಂದೇ ಒಂದು, ಚಿಕ್ಕದು.

ಸಂಜೆ ವಾಣಿ ದೃಶ್ಯವನ್ನು ನಿಲ್ಲಿಸಿ, ಹಿಗ್ಗಿಸಿ, ಶಾಲಿನ ಅಂಚಿಗೆ ಗುಂಡಗೆ ಗೆರೆ ಹಾಕಿ ಕಳಿಸಿದಳು. ಕಂದು ಶಾಲು, ಬಿಳಿ ಅಂಚು. ‘ಇದು ಪಾರ್ಕ್ ಗೇಟಲ್ಲಿ ಕೂರುವ ಸೊಪ್ಪಿನವಳ ಶಾಲಲ್ಲವೇ?’

ಕಳೆದ ದಸರಾ ವಸ್ತುಪ್ರದರ್ಶನದಲ್ಲಿ ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಕೊಟ್ಟ ಜೋಡಿ ಶಾಲು ಅದು. ಒಂದನ್ನು ಅತ್ತೆಗೆ ಇಟ್ಟು, ಇನ್ನೊಂದನ್ನು ಮುದ್ದಮ್ಮನಿಗೆ ಕೊಟ್ಟವಳು ಮಂಜುಶ್ರೀಯೇ. ಉಚಿತವಾಗಿ ಬಂದದ್ದನ್ನು ದಾನ ಮಾಡಿದೆನೆಂದು ಅವತ್ತು ಒಳಗೊಳಗೇ ಸ್ವಲ್ಪ ಬೀಗಿದ್ದಳು ಕೂಡ.

ಮರುದಿನ ಗುರುವಾರ ಬೆಳಿಗ್ಗೆ ಪಾರ್ಕಿನ ಗೇಟಿನಲ್ಲಿ ಹದಿನೈದು ಇಪ್ಪತ್ತು ಜನ. ಹಲಗೆಯಲ್ಲಿ ಇಂಗ್ಲಿಷ್ ಪದದ ಕೆಳಗೆ ಇನ್ನೂ ನಿನ್ನೆಯ ‘ನೆ’ ಒಂದೇ ನಿಂತಿತ್ತು, ಅದರ ಕಾಲಿಗೆ ಇರುವೆ ಮುತ್ತಿತ್ತು. ಆಷಾಢದ ಗಾಳಿಗೆ ತಗಡಿನ ಸೂರು ದಡಬಡ ಅನ್ನುತ್ತಿತ್ತು. ನಡುವೆ ಗೋಣಿಯ ಮೇಲೆ ಕೂತು ಮುದ್ದಮ್ಮ ಸಬ್ಬಸಿಗೆ ಕಟ್ಟುಗಳನ್ನು ಜೋಡಿಸುತ್ತಿದ್ದಳು. ಕಂದು ಶಾಲು ತಲೆಯ ಮೇಲೇ ಇತ್ತು.

“ಈ ಶಾಲು ನಿಂದೇನಾ?” ದೇವಯ್ಯ ಕೇಳಿದರು.

“ತಲೆ ನಂದೇ ಸ್ವಾಮಿ, ಶಾಲೂ ನಂದೇ.”

“ನಿನ್ನೆ ಐದು ಹತ್ತಕ್ಕೆ ಎಲ್ಲಿದ್ದೆ?”

“ಬಸ್ಸಲ್ಲಿ ತೂಕಡಿಸ್ತಾ ಇದ್ದೆ. ಕಂಡಕ್ಟರ್‌ನ ಕೇಳಿ, ಸೊಪ್ಪಿನ ಮೂಟೆ ತುಳ್ದ ಅಂತ ಬೈದಿದೀನಿ, ಮರ್ತಿರಾಕಿಲ್ಲ.”

“ಬಾಟ್ಲಲ್ಲಿ ಏನಿಟ್ಕೊಂಡಿದೀಯ?”

“ಸೊಪ್ಪಿಗೆ ಚಿಮುಕ್ಸೋ ನೀರು.” ಮುಚ್ಚಳ ತೆಗೆದು ಎರಡು ಗುಟುಕು ಕುಡಿದು, ಬಾಟಲಿಯನ್ನು ಅವರತ್ತ ಚಾಚಿದಳು. “ಕುಡೀತೀರಾ?”

ಹಿಂದೆ ಯಾರೋ ಕಿಸಕ್ಕೆಂದರು. ಅದರಿಂದ ದೇವಯ್ಯನವರ ಮುಖ ಬಿಗಿಯಿತು. “ಹಾಗಾದ್ರೆ ಆ ಹೆಂಗಸು ಯಾರು ಅಂತ ನಿಂಗೆ ಗೊತ್ತಿರ್ಬೇಕು. ಆ ಹೊತ್ತಿಗೆ ಈ ರಸ್ತೆಲಿ ಓಡಾಡೋಳು ನೀನು.”

ಮುದ್ದಮ್ಮ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು. “ಗೊತ್ತು.”

ಮಂಜುಶ್ರೀ ಬೇಲಿಯ ಕಂಬಿಯನ್ನು ಹಿಡಿದುಕೊಂಡಳು. ಹೂ ಕಿತ್ತ ಮೇಲೆ ಅತ್ತೆ ಇದೇ ಗೇಟಿಗೆ ಬಂದು, ಬಸ್ಸಿಳಿದ ಮುದ್ದಮ್ಮನ ಮೂಟೆ ಬಿಚ್ಚಿಕೊಟ್ಟು, ಊರ ಸುದ್ದಿ ಮಾತಾಡಿ ಬರುತ್ತಿದ್ದುದು ನಿನ್ನೆಯಷ್ಟೇ ಅವಳಿಗೆ ತಿಳಿದಿತ್ತು.

“ಗೊತ್ತು. ಆದ್ರೆ ಹೇಳಾಕಿಲ್ಲ,” ಅಂದಳು ಮುದ್ದಮ್ಮ. “ಆಸಿಡ್ ಉಯ್ದಿದ್ರೆ ನಾನೇ ಜುಟ್ಟು ಹಿಡ್ಕೊಂಡು ಬರ್ತಿದ್ದೆ. ನೀರುಯ್ದೋರ ಹೆಸ್ರು ಹಿಡ್ದು ಕೊಡಾಕೆ ನಂಗೇನು ಬಂದೈತೆ?”

“ಹೇಳದಿದ್ರೆ ನೀನೇ ಅಂತ ತಿಳ್ಕೋಬೇಕಾಗುತ್ತೆ.”

“ತಿಳ್ಕೊಳಿ. ಅದಕ್ಕೇನು ಖರ್ಚಾ?”

“ನಾಳೆಯಿಂದ ಈ ಗೇಟಲ್ಲಿ ಕೂರೋದು ಬೇಡ. ಎಲ್ಲ ಗೊತ್ತಾಗೋವರೆಗೆ.”

ಒಂಬತ್ತು ವರ್ಷದಿಂದ ಕೂರುವ ಜಾಗ ಅದು. ಮುದ್ದಮ್ಮ ಸೊಪ್ಪಿಗೆ ನೀರು ಚಿಮುಕಿಸಲು ತೊಡಗಿದಳು. ಅಷ್ಟು ಹೊತ್ತೂ ಅವಳು ಮಂಜುಶ್ರೀಯ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ಮಂಜುಶ್ರೀಗೆ ಕಣ್ಣು ತಪ್ಪಿಸಲಿಕ್ಕಾದರೂ ಒಂದು ಅವಕಾಶ ಇರುತ್ತಿತ್ತು.

ಜನ ಚದುರಿದರು. ದೇವಯ್ಯ ಹಲಗೆಯತ್ತ ಬಂದರು. “ಮೇಡಂ, ನಾಳೆ ಒಂದು ಭರ್ಜರಿ ಇಂಗ್ಲಿಷ್ ಪದ ಬೇಕು. ಜನ ರೊಚ್ಚಿಗೆದ್ದಿದಾರೆ, ಇಡೀ ಬಡಾವಣೆ ಒಂದಾಗಿದೆ ಅನ್ನೋ ಅರ್ಥ ಬರ್ಬೇಕು. ಓದಿದವರ ಮೈ ನಡುಗ್ಬೇಕು.”

“ನೋಡ್ತೀನಿ ಸರ್,” ಅಂದಳು ಮಂಜುಶ್ರೀ. ಆ ಎರಡು ಪದ ಬಿಟ್ಟು ಆ ಬೆಳಿಗ್ಗೆ ಅವಳ ಬಾಯಿಂದ ಬೇರೇನೂ ಹೊರಟಿರಲಿಲ್ಲ.

ಸಂಜೆ ಕುಕ್ಕರಿನಲ್ಲಿ ಬೇಳೆಗಿಟ್ಟು, ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ದಪ್ಪ ಡಿಕ್ಷನರಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿದಳು. ಬೆನ್ನು ಹರಿದು ಎರಡಾಗಿದ್ದ ಅದಕ್ಕೆ ಅವಳೇ ಹಳೆಯ ಲಂಗದ ಬಟ್ಟೆಯಿಂದ ಹೊಲಿಗೆ ಹಾಕಿದ್ದಳು. ಮೊದಲು ಔಟ್‌ರೇಜ್ ಸಿಕ್ಕಿತು. ಅದರೊಳಗೆ ಔಟ್ ಕೂಡ ಇಲ್ಲ, ಸಿಟ್ಟು ಎಂಬ ಅರ್ಥದ ರೇಜ್ ಕೂಡ ಇಲ್ಲವಂತೆ. ಎಲ್ಲೆ ಮೀರಿದ್ದು ಎಂಬ ಅರ್ಥದಲ್ಲಿ ಫ್ರೆಂಚಿನಿಂದ ಬಂದದ್ದು. ಅಪ್‌ರೋರ್ ನೋಡಿದಳು. ಅದರ ರೋರ್‌ಗೂ ಸಿಂಹಕ್ಕೂ ಸಂಬಂಧವಿಲ್ಲ. ಡಚ್ಚರ ಮಾತು, ಕದಡಿ ಮೇಲೇಳುವುದು. ಸಾರಿನಂತೆ. ಗರ್ಜನೆ ಇದೆಯೆಂದು ಅಂದುಕೊಂಡ ಕಡೆಯೆಲ್ಲ ಗರ್ಜನೆ ಇರಲಿಲ್ಲ. ಅವಳಿಗೆ ನಗು ಬಂತು.

ಆಮೇಲೆ ‘ಎಚ್’ ಪುಟದಲ್ಲಿ ಬೆರಳು ನಿಂತಿತು. ಹ್ಯೂ ಅಂಡ್ ಕ್ರೈ.

ಇಷ್ಟು ದಿನ ಅವಳು ಆ ‘ಹ್ಯೂ’ ಅಂದರೆ ಬಣ್ಣ ಎಂದುಕೊಂಡಿದ್ದಳು. ಅಲ್ಲವಂತೆ. ಹಳೆಯ ಫ್ರೆಂಚಿನಲ್ಲಿ ಕೂಗು. ಅಂದರೆ ಕೂಗು ಮತ್ತು ಕೂಗು. ಏಳೆಂಟುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಅದು ಕಾನೂನಾಗಿತ್ತು. ಪೊಲೀಸರಿಲ್ಲದ ಕಾಲ. ಕಳ್ಳತನವಾದರೆ ಕಳೆದುಕೊಂಡವನು ಕೂಗಬೇಕು. ಕೇಳಿಸಿಕೊಂಡವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು, ತಾವೂ ಕೂಗುತ್ತ, ಅಟ್ಟಿಸಿಕೊಂಡು ಹೋಗಬೇಕು. ಪಕ್ಕದೂರಿಗೆ ಹೋದರೆ ಅಲ್ಲಿಯವರೂ ಸೇರಿಕೊಳ್ಳಬೇಕು. ಕೂಗದೆ ಸುಮ್ಮನಿದ್ದವನಿಗೆ ದಂಡ.

ಕುಕ್ಕರ್ ಒಂದು ಸಲ ಕೂಗಿತು. ಮಂಜುಶ್ರೀಗೆ ತಾನು ಒತ್ತಿದ ಆ ಚಿಕ್ಕ ಕೆಂಪು ಮುಖ ನೆನಪಾಯಿತು. ಎಲ್ರೂ ಹಾಕಿದಾರೆ, ನಾವು ಹಾಕದಿದ್ರೆ ಎದ್ದು ಕಾಣಲ್ವಾ?

ಕೆಳಗೆ ಇನ್ನೊಂದು ಸಾಲಿತ್ತು. ಕಾರಣವಿಲ್ಲದೆ ಸುಳ್ಳು ಕೂಗೆಬ್ಬಿಸಿದವನಿಗೂ ದಂಡ ಬೀಳುತ್ತಿತ್ತು.

“ಅತ್ತೆ,” ಎಂದು ಕರೆದಳು. “ಕಳ್ಳ ಬಂದಾಗ ಊರವರೆಲ್ಲ ಸೇರಿ ಕೂಗ್ತಾರಲ್ಲ, ಅದಕ್ಕೆ ನಿಮ್ಮೂರಲ್ಲಿ ಏನಂತಿದ್ರು?”

“ಹುಯಿಲು,” ಅಂದರು ಬೀರಮ್ಮ ಅಲಸಂದೆಕಾಯಿ ಬಿಡಿಸುತ್ತ. “ಹುಲಿ ಬಂದ್ರೂ ಹುಯಿಲು, ಕಳ್ಳ ಬಂದ್ರೂ ಹುಯಿಲು. ಹುಯಿಲೆದ್ದ ಮೇಲೆ ಉಣ್ತಾ ಇದ್ದೋರೂ ಎಂಜಲು ಕೈಲಿ ಓಡ್ಬೇಕು. ಒಂದ್ಸಲ ಏನಾಯ್ತು ಗೊತ್ತಾ, ಮುಚ್ಚಂಜೆ ಹೊತ್ನಲ್ಲಿ ಒಬ್ಬ ಹುಲಿ ಅಂದ. ಊರಿಗೂರೇ ದೊಣ್ಣೆ ತಕ್ಕೊಂಡು ಓಡ್ತು. ನೋಡಿದ್ರೆ ನಮ್ಮ ಹುಚ್ಚಣ್ಣ ಮಾವ! ಕಂಬಳಿ ಹೊದ್ಕೊಂಡು ಬೇಲಿ ಮರೇಲಿ ಕುಂತವ್ನೆ. ಎದ್ದು ಓಡಾಕೂ ಇಲ್ಲ, ಕೂರಾಕೂ ಇಲ್ಲ. ಎರಡೇಟು ಬಿದ್ಮೇಲೆ ಬಾಯಿ ಬುಟ್ಟ.”

ಮಂಜುಶ್ರೀ ನಕ್ಕೂ ನಕ್ಕೂ ಕಟ್ಟೆ ಹಿಡಿದುಕೊಂಡಳು. “ಮತ್ತೆ ಮೊದಲು ಹುಲಿ ಅಂದೋನಿಗೆ ಏನು ಮಾಡಿದ್ರು?”

“ಏನ್ಮಾಡ್ತಾರೆ? ಓಡಿ ಬಂದೋರ್ಗೆಲ್ಲ ಅವನೇ ಬೆಲ್ಲದ ಪಾನಕ ಮಾಡಿ ಕುಡಿಸ್ಬೇಕು. ಮೊದಲ ಲೋಟ ಏಟು ತಿಂದೋನ್ಗೆ.” ಬೀರಮ್ಮನ ನಗು ನಿಧಾನವಾಗಿ ನಿಂತಿತು. ಕಾಳುಗಳನ್ನು ಬೆರಳಲ್ಲಿ ಸರಿಸುತ್ತ ಕೇಳಿದರು. “ಮುದ್ದಮ್ಮಂಗೆ ಏನಂದ್ರವ್ವ ಇವತ್ತು?”

ಮಂಜುಶ್ರೀ ಹೇಳಿದಳು. ಮುಚ್ಚಿಡಲಿಲ್ಲ.

“ಅಂಗಾದ್ರೆ ನಾನೇ ಹೋಗಿ ಹೇಳ್ಬುಡ್ತೀನಿ,” ಎಂದು ಬೀರಮ್ಮ ಮೊಣಕಾಲಿಗೆ ಕೈಕೊಟ್ಟು ಏಳಹೊರಟರು. ಅಷ್ಟರಲ್ಲಿ ಒಳಬಂದ ಸಿದ್ದೇಶ, “ಯಾರೂ ಎಲ್ಲೂ ಹೋಗೋದು ಬೇಡ. ನಾಳೆ ನಾನು ಈ ರಸ್ತೆಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?” ಅಂದ. ಅಮ್ಮ ಮಗನ ಮುಖ ನೋಡಿ ಮತ್ತೆ ಕೂತರು. ಬಿಡಿಸಿದ ಕಾಳು ಸಿಪ್ಪೆಯ ಕಡೆಗೂ, ಸಿಪ್ಪೆ ಕಾಳಿನ ಕಡೆಗೂ ಬೀಳತೊಡಗಿತು.

ಶುಕ್ರವಾರ ಆರು ಗಂಟೆಗೆಲ್ಲ ಹಲಗೆಯ ಮೇಲೆ ಬರಹ ಸಿದ್ಧವಾಗಿತ್ತು. ಮೇಲೆ ದಪ್ಪಕ್ಷರದಲ್ಲಿ ಹ್ಯೂ ಅಂಡ್ ಕ್ರೈ. ಅದರ ಕೆಳಗೆ: ‘ಹುಯಿಲು. ಕಳ್ಳತನವಾದಾಗ ಇಡೀ ಊರು ಕೂಗುತ್ತ ಬೆನ್ನಟ್ಟಬೇಕೆಂಬ ಹಳೆಯ ಕಾನೂನು. ಕೂಗದವರಿಗೆ ದಂಡ. ಸುಳ್ಳು ಕೂಗಿದವರಿಗೂ ದಂಡ.’ ಒಂದು ಗೇಣು ಜಾಗ ಬಿಟ್ಟು ಕೊನೆಯ ಸಾಲು: ‘ಸಂಪಿಗೆ ಕಿತ್ತದ್ದು ನಮ್ಮ ಮನೆಯವರು. ಬುಡಕ್ಕೆ ಹಾಕಿದ್ದು ನೀರು. ಮುದ್ದಮ್ಮನದು ಏನೂ ತಪ್ಪಿಲ್ಲ. ಮಂಜುಶ್ರೀ.’

ಹೆಸರು ಬರೆಯುವಾಗ ‘ಶ್ರೀ’ ಸ್ವಲ್ಪ ಸೊಟ್ಟಗಾಯಿತು. ಒರೆಸಿ ತಿದ್ದಲು ಹೋಗಲಿಲ್ಲ. ತಿದ್ದಲು ಹೋದರೆ ಧೈರ್ಯವೂ ಅಳಿಸಿಹೋಗುತ್ತದೆಂದು ಗೊತ್ತಿತ್ತು.

ಮುದ್ದಮ್ಮ ಗೇಟಿನಿಂದ ಹತ್ತು ಮಾರು ದೂರ, ಚರಂಡಿಯ ಪಕ್ಕ ಗೋಣಿ ಹಾಸಿದ್ದಳು. ಓದು ಬಾರದ ಅವಳು ಜನ ಗುಂಪುಗೂಡಿದ್ದನ್ನು ಕಂಡು ಎದ್ದು ಬಂದಳು. ಪ್ರಸನ್ನ ಗಟ್ಟಿಯಾಗಿ ಓದಿದ. ಕೊನೆಯ ಸಾಲಿಗೆ ಬಂದಾಗ ದನಿ ತಗ್ಗಿತು. ದೇವಯ್ಯ ಕನ್ನಡಕ ಒರೆಸಿ ತಾವೇ ಇನ್ನೊಂದು ಸಲ ಓದಿಕೊಂಡರು.

“ನಿಮ್ಮನೆಯವರು ಅಂದ್ರೆ ಯಾರು ಮೇಡಂ?”

“ನಾನೇ,” ಅಂದಳು ಮಂಜುಶ್ರೀ. ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಪ್ರಸನ್ನ ಫೋನ್ ತೆಗೆದು ದೃಶ್ಯ ಹಾಕಿದ. ಶಾಲಿನ ಹೆಂಗಸು ಬಿಲ್ಲಿನಂತೆ ಬಾಗಿ ನಡೆಯುತ್ತಿದ್ದಳು. ಎಲ್ಲರೂ ಫೋನನ್ನೂ, ನೆಟ್ಟಗೆ ನಿಂತ ಮಂಜುಶ್ರೀಯನ್ನೂ ನೋಡಿದರು.

“ಆಷಾಢದ ಗಾಳಿ ನೋಡಿ,” ಅಂದಳು. “ಬೆಳಗಿನ ಹೊತ್ತು ಬೆನ್ನು ಹಿಡ್ಕೊಂಡುಬುಡುತ್ತೆ.”

ಮುದ್ದಮ್ಮನಿಗೆ ಕೆಮ್ಮು ಬಂತು. ಶಾಲಿನ ಸೆರಗು ಬಾಯಿಗೆ ಅಡ್ಡ ಹಿಡಿದು ಬಹಳ ಹೊತ್ತು ಕೆಮ್ಮಿದಳು.

“ನೀರು ಯಾಕೆ ಹಾಕ್ತೀರಿ?” ದೇವಯ್ಯ ನಂಬಲೂ ಆಗದೆ ಬಿಡಲೂ ಆಗದೆ ಕೇಳಿದರು.

“ನಮ್ಮನೇಲಿ ಹಾಗೇ ಸರ್. ಹೂ ತಗೊಂಡ್ರೆ ನೀರು ಕೊಡ್ಬೇಕು.”

“ಹಾಗಾದ್ರೆ ಎಲೆ ಯಾಕೆ ಉದುರ್ತಿದೆ?”

“ನಾನು ಹೇಳ್ಲಾ?” ಮುದ್ದಮ್ಮ ಮುಂದೆ ಬಂದಳು. “ಕಾರು ನಿಲ್ಸಾ­ಕೆ ಅಂತ ಫುಟ್‌ಪಾತ್‌ಗೆಲ್ಲ ಸಿಮೆಂಟ್ ಬಳಿಸಿದ್ರಲ್ಲ ಸ್ವಾಮಿ, ಮರಕ್ಕೆ ಒಂದಂಗೈ ಮಣ್ಣೂ ಬುಟ್ಟಿಲ್ಲ. ಮಳೆ ಬಂದ್ರೂ ನೀರು ಮೋರಿಗೋಯ್ತದೆ. ಆ ಒಂದು ಚೊಂಬು ನೀರಲ್ಲೇ ಅದು ಜೀವ ಹಿಡ್ಕೊಂಡೈತೆ. ಕಳ್ಳರು ಬರೋದು ನಿಂತ್ರೆ ಮರ ಒಣಗ್ತದೆ, ನೋಡ್ತಿರಿ.”

ಆಗಲೇ ಗಾಳಿ ಒಮ್ಮೆ ಜೋರಾಗಿ ಬೀಸಿ ವಾಣಿಯ ಕೈಚೀಲದ ಬಾಯಿ ತೆರೆಯಿತು. ಮೇಲೇ ಇದ್ದ ಮುದ್ದೆ ದಾಸವಾಳವೊಂದು ಉರುಳಿ ಪ್ರಸನ್ನನ ಬೂಟಿನ ಬಳಿ ನಿಂತಿತು. ಅಂಚಿಗೆ ಬಿಳಿ ಗೆರೆಯ ಆ ದಾಸವಾಳ ಇಡೀ ಬಡಾವಣೆಯಲ್ಲಿ ಇದ್ದದ್ದು ಒಂದೇ ಮನೆಯಲ್ಲಿ.

“ವಾಣಿಯಕ್ಕ, ಇದು ನಮ್ಮನೇದಲ್ವಾ?” ಅಂದ ಪ್ರಸನ್ನ.

“ಹೌದು ಕಣೋ,” ಅಂದಳು ವಾಣಿ ಕೆಂಪಗಾಗಿ. “ನಿಮ್ಮಮ್ಮ ನಮ್ಮನೆ ಕಣಗಿಲೆ ಕೀಳುವಾಗ ನಾನೇನಾದ್ರೂ ಗುಂಪಲ್ಲಿ ಹೆಸರು ಹಾಕಿದ್ನಾ?”

ಮೊದಲು ನಕ್ಕವರು ಯಾರೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ. ನಗು ಮಾತ್ರ ಗೇಟಿನಿಂದ ಹೊರಟು ಪಾರ್ಕಿನ ಇನ್ನೊಂದು ತುದಿಯಲ್ಲಿ ಯೋಗ ಮಾಡುತ್ತಿದ್ದವರವರೆಗೂ ಹೋಯಿತು. ಕೈಚೀಲಗಳು ಒಂದೊಂದಾಗಿ ಬೆನ್ನ ಹಿಂದೆ ಸರಿದವು. ಒಬ್ಬರು ದೋಟಿಯನ್ನು ಊರುಗೋಲಿನಂತೆ ಹಿಡಿಯಲು ನೋಡಿದರು.

“ಸುಳ್ಳು ಕೂಗಿದವರಿಗೆ ದಂಡ ಅಂತ ಬರೆದಿದೆಯಲ್ಲ, ಏನು ದಂಡ?” ದೇವಯ್ಯ ಕೊನೆಗೂ ಕೇಳಿದರು. ದನಿಯಲ್ಲಿ ಸೂಪರ್‌ವೈಸರ್ ಇರಲಿಲ್ಲ.

“ಇಂಗ್ಲೆಂಡಿನದು ಗೊತ್ತಿಲ್ಲ ಸರ್. ನಮ್ಮತ್ತೆ ಊರಲ್ಲಿ ಎಲ್ರಿಗೂ ಬೆಲ್ಲದ ಪಾನಕ. ಮೊದಲ ಲೋಟ ಏಟು ತಿಂದವರಿಗೆ.”

ಅಂದು ಆಷಾಢ ಶುಕ್ರವಾರ. ಒಂಬತ್ತರ ಹೊತ್ತಿಗೆ ದೇವಯ್ಯ ಸ್ಟೀಲ್ ಬಕೆಟ್ಟಿನಲ್ಲಿ ಪಾನಕ ತಂದು, ಮೊದಲ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಮುದ್ದಮ್ಮನ ಮುಂದೆ ನಿಂತರು. ಅವಳು ಆಗಲೇ ತನ್ನ ಗೋಣಿಯನ್ನು ಹಳೇ ಜಾಗಕ್ಕೆ ಎಳೆದುಕೊಂಡಿದ್ದಳು. ಒಂದು ಗುಟುಕು ಕುಡಿದು, “ಏಲಕ್ಕಿ ಕಮ್ಮಿ,” ಅಂದಳು. ಲೋಟ ಖಾಲಿ ಮಾಡಿ ಮತ್ತೆ ಚಾಚಿದಳು. ಮಂಜುಶ್ರೀ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ನಿನ್ನೆ ನಾನು ಮಾತಾಡ್ಬೇಕಿತ್ತು ಮುದ್ದಮ್ಮ,” ಎಂದಳು.

“ಇವತ್ತು ಮಾತಾಡಿದ್ರಲ್ಲ, ಬುಡಿ.” ಮುದ್ದಮ್ಮ ದನಿ ತಗ್ಗಿಸಿದಳು. “ಆದ್ರೂ ಮಂಜಕ್ಕ, ಬೆನ್ನು ಹಿಡ್ಕೊಂಡೋರು ಅಷ್ಟು ನೆಟ್ಟಗೆ ನಿಂತ್ಕೋಬಾರ್ದು.”

ಮನೆಯಲ್ಲಿ ಬೀರಮ್ಮ ಮುಖ ಊದಿಸಿಕೊಂಡು ಕೂತಿದ್ದರು. ಸುದ್ದಿ ಮಂಜುಶ್ರೀಗಿಂತ ಮೊದಲೇ ತಲುಪಿತ್ತು. “ಹದಿನೈದು ದಿನ ಚಳಿಲಿ ಹೋದೋಳು ನಾನು. ಹೆಸ್ರು ನಿಂದಾಯ್ತಾ? ನನ್ನ ಹೆಸ್ರು ಯಾಕೆ ಬುಟ್ಟೆ?”

“ನಿಮ್ಮ ಮಗ ತಲೆ ಎತ್ತಿ ಓಡಾಡ್ಬೇಕಂತೆ.”

“ಹೆಂಡ್ತಿ ಕಳ್ಳಿ ಆದ್ರೆ ಎತ್ತಬಹುದಾ?” ಸಿದ್ದೇಶ ಪೇಪರಿನ ಹಿಂದಿನಿಂದ ಗೊಣಗಿದ. “ಎಲ್ರೂ ಕೇಳ್ತಾರೆ. ನಾನು ರಸ್ತೆಲಿ ಹೇಗೆ ನಡೀಲಿ?”

“ಚಪ್ಪಲಿ ಹಾಕ್ಕೊಂಡು ನಡಿ,” ಅಂದರು ಬೀರಮ್ಮ.

ಸಂಜೆ ದೀಪ ಹಚ್ಚಿದ ಮೇಲೆ ಮಂಜುಶ್ರೀ ಎಂದಿನಂತೆ ಲೋಟದಲ್ಲಿ ಸಕ್ಕರೆ ಕದಡಿ ನಾಳೆಯ ಸೀಮೆಸುಣ್ಣ ನೆನೆಹಾಕಿದಳು. ಚಾಮುಂಡಿಯ ಪಟದ ಮೇಲೆ ಸಿದ್ದೇಶ ತಂದ ಮಲ್ಲಿಗೆ ಇತ್ತು. ಮನೆಯಲ್ಲಿ ಆ ಘಮ ಇರಲಿಲ್ಲ. ಇಲ್ಲದಿರುವುದು ಅಷ್ಟು ದೊಡ್ಡದಾಗಿ ಗೊತ್ತಾಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ಇನ್ನು ಮೇಲೆ ಹೂ ಬೇಕಾದವರು ಬೆಲ್ ಒತ್ತಿ ಕೇಳಿ ತಗೊಳ್ಳಬಹುದು ಎಂದು ದೇವಯ್ಯ ಗುಂಪಿನಲ್ಲಿ ಹಾಕಿದ್ದರು. ಸಿಮೆಂಟನ್ನು ಭಾನುವಾರ ಒಡೆಸುತ್ತಾರಂತೆ. ಒಳ್ಳೆಯದೇ. ಅವಳು ಓದಿ, ಕೈಮುಗಿಯುವ ಗುರುತೊಂದನ್ನು ಒತ್ತಿ, ಫೋನನ್ನು ಬೋರಲು ಹಾಕಿದಳು. ಹೇಗೂ ಬಡಾವಣೆಗೆಲ್ಲ ಅವಳು ಹೂ ಕಿತ್ತವಳೇ. ಕೀಳದ ಹೂವಿನ ಹೆಸರನ್ನು ಹೊತ್ತುಕೊಂಡು ಎಷ್ಟು ದಿನ ತಿರುಗುವುದು?

ಅತ್ತೆಯ ಹಿತ್ತಾಳೆಯ ಚೊಂಬು ಬಚ್ಚಲ ಗೂಡಿನಲ್ಲಿತ್ತು. ಅದನ್ನು ತೊಳೆದು, ತುಂಬಿ, ಬಾಗಿಲ ಮೂಲೆಯಲ್ಲಿ ಸೀಮೆಸುಣ್ಣದ ಲೋಟದ ಪಕ್ಕ ಇಟ್ಟಳು. ನಾಳೆ ಕಾಲುಗಂಟೆ ಮುಂಚೆ ಎದ್ದರಾಯಿತು. ಒಂದೇ ಹೂ, ದೇವರಿಗಲ್ಲ, ಯಾರನ್ನೂ ಕೇಳದೆ. ಮುಡಿಗೆ ಸಿಕ್ಕಿಸಿಕೊಂಡೇ ಹಲಗೆಯ ಮುಂದೆ ನಿಂತು ನಾಳೆಯ ಪದ ಬರೆಯುವುದು.

“ಚೊಂಬು ಅಲ್ಯಾಕಿಟ್ಟೆ?” ಒಳಗಿನಿಂದ ಸಿದ್ದೇಶ ಕೇಳಿದ.

“ಇರ್ಲಿ ಅಂತ,” ಎಂದು ಮಂಜುಶ್ರೀ ಅಡುಗೆಮನೆಯ ದೀಪ ಆರಿಸಿದಳು.